ಭಿನ್ನರಾಶಿಗೆ ಸಿಗದ ಕರ್ಣ

ಮೂವತ್ತು–ನಲವತ್ತರ ಸೈಟಿಗೆ ಪಾಯ ಗುರುತಿಸುವಾಗ ಮೈಸೂರಿನ ಮೇಸ್ತ್ರಿಗಳು ಮೂಲೆಯಿಂದ ಮೂಲೆಗೆ ಟೇಪು ಹಿಡಿಯುತ್ತಾರೆ. ಸರಿಯಾಗಿ 50 ಅಡಿ ಬಂದರೆ ಮೂಲೆಮಟ್ಟ ಸರಿಯಿದೆ. 900ಕ್ಕೆ 1600 ಕೂಡಿದರೆ 2500, ಅದರ ವರ್ಗಮೂಲ 50. ನಲವತ್ತು–ಅರವತ್ತರ ಸೈಟಾದರೆ 5200ರ ವರ್ಗಮೂಲ ಬೇಕು. ಕ್ಯಾಲ್ಕುಲೇಟರ್ 72.1110255 ಎಂದು ತೋರಿಸಿ, ಪರದೆಯಲ್ಲಿ ಜಾಗ ಮುಗಿದದ್ದಕ್ಕೆ ನಿಲ್ಲುತ್ತದೆ.

50 ಭಾಗಲಬ್ಧ ಸಂಖ್ಯೆ. ಎರಡನೆಯದು ಅಭಾಗಲಬ್ಧ. ಅಂಶ, ಛೇದ ಎರಡೂ ಪೂರ್ಣಾಂಕವಾಗಿ, ಛೇದ ಸೊನ್ನೆಯಾಗದೆ ಬರೆಯಬಹುದಾದದ್ದು ಭಾಗಲಬ್ಧ. ಹಾಗೆ ಎಂದೂ ಬರೆಯಲಾಗದ ವಾಸ್ತವ ಸಂಖ್ಯೆ ಅಭಾಗಲಬ್ಧ. ದಶಮಾಂಶ ಉದ್ದವಾಗಿದೆ ಎಂಬುದು ಪರೀಕ್ಷೆಯಲ್ಲ. 1/7 ಕೂಡ ಮುಗಿಯುವುದಿಲ್ಲ. ಆದರೆ 7ರಿಂದ ಭಾಗಿಸುತ್ತ ಹೋದಾಗ ಉಳಿಯಬಹುದಾದ ಶೇಷಗಳು 1ರಿಂದ 6 ಮಾತ್ರ. ಒಂದು ಶೇಷ ಮರಳಿ ಬಂದ ಕೂಡಲೇ ಅಂಕಿಗಳೂ ಮರಳುತ್ತವೆ: 142857, ಮತ್ತೆ 142857. ಅಭಾಗಲಬ್ಧಕ್ಕೆ ಕೊನೆಯೂ ಇಲ್ಲ, ಇಂಥ ಆವರ್ತನೆಯೂ ಇಲ್ಲ.

ಈ ವ್ಯತ್ಯಾಸ ಎಷ್ಟು ಸೂಕ್ಷ್ಮ ಎಂಬುದಕ್ಕೆ ಮೈಸೂರಿನಲ್ಲೇ ಅಚ್ಚಾದ ಒಂದು ಪುಸ್ತಕ ಸಾಕ್ಷಿ. ಇಲ್ಲಿನ ಓರಿಯಂಟಲ್ ಲೈಬ್ರರಿ 1931ರಲ್ಲಿ ಆಪಸ್ತಂಬ ಶುಲ್ಬಸೂತ್ರವನ್ನು ಮೂರು ವ್ಯಾಖ್ಯಾನಗಳೊಡನೆ ಪ್ರಕಟಿಸಿತು, ಸಂಪಾದಕರು ಡಿ. ಶ್ರೀನಿವಾಸಾಚಾರ್ ಮತ್ತು ಎಸ್. ನರಸಿಂಹಾಚಾರ್. ಯಜ್ಞವೇದಿ ಅಳೆಯುವ ಆ ಸೂತ್ರಗಳಲ್ಲಿ ಚೌಕದ ಕರ್ಣಕ್ಕೆ ಲೆಕ್ಕವಿದೆ: ಬಾಹುವಿಗೆ ಅದರ ಮೂರನೇ ಒಂದು ಭಾಗ ಸೇರಿಸಿ, ಆ ಭಾಗದ ನಾಲ್ಕನೇ ಒಂದನ್ನೂ ಸೇರಿಸಿ, ಕೊನೆಗೆ ಆ ನಾಲ್ಕನೇ ಒಂದರ ಮೂವತ್ತನಾಲ್ಕನೇ ಒಂದನ್ನು ಕಳೆಯಿರಿ. ಬಾಹು 1 ಆದರೆ ಉತ್ತರ 577/408, ಅಂದರೆ 1.4142156. ನಿಜವಾದ ಕರ್ಣ √2, ಅದರ ಬೆಲೆ 1.4142135ರಿಂದ ಆರಂಭ. ಒಂದು ಕಿಲೋಮೀಟರ್ ಬಾಹುವಿನ ಚೌಕದಲ್ಲೂ ತಪ್ಪುವುದು ಎರಡು ಮಿಲಿಮೀಟರಿನಷ್ಟೇ!

577ರ ವರ್ಗ 3,32,929. 408ರ ವರ್ಗದ ಇಮ್ಮಡಿ 3,32,928. 577/408 ಸರಿಯಾಗಿ √2 ಆಗಿದ್ದರೆ ಇವೆರಡೂ ಸಮವಾಗಬೇಕಿತ್ತು, ಆದರೆ ಒಂದೇ ಒಂದು ಹೆಚ್ಚು. ಇನ್ನೂ ದೊಡ್ಡ ಭಿನ್ನರಾಶಿ ಹುಡುಕಿದರೆ ಆ ಒಂದೂ ಹೋಗಬಹುದೆ?

ಹೋಗುವುದಿಲ್ಲ. ಹೋಯಿತೆಂದೇ ಇಟ್ಟುಕೊಂಡು, ಆ ಭಿನ್ನರಾಶಿಯನ್ನು ಸಂಕ್ಷೇಪಿಸಿ ಬರೆಯೋಣ. ಅಂಶದ ವರ್ಗ ಛೇದದ ವರ್ಗದ ಇಮ್ಮಡಿ, ಹಾಗಾಗಿ ಸಮ. ವರ್ಗ ಸಮವಾದರೆ ಅಂಶವೂ ಸಮ. ಸಮಸಂಖ್ಯೆಯ ವರ್ಗವನ್ನು 4 ಭಾಗಿಸುತ್ತದೆ. ಆದ್ದರಿಂದ ಛೇದದ ವರ್ಗವೂ ಸಮ, ಛೇದವೂ ಸಮ. ಎರಡನ್ನೂ 2 ಭಾಗಿಸುವುದಾದರೆ ಸಂಕ್ಷೇಪಿಸಿದ್ದೆವು ಎಂಬ ಮಾತೇ ಸುಳ್ಳಾಯಿತು. ಶಾಲೆಯ ಗಣಿತದಲ್ಲಿ ಇಷ್ಟು ಚೊಕ್ಕವಾದ ಸಾಧನೆ ನನಗೆ ಇನ್ನೊಂದು ಕಂಡಿಲ್ಲ.

ಮಕ್ಕಳು ಹೆಚ್ಚಾಗಿ ಎಡವುವುದು πಯಲ್ಲಿ. 22/7 ಭಾಗಲಬ್ಧವೇ, ಅದು πಗೆ ಹತ್ತಿರದ ಬೆಲೆ ಮಾತ್ರ. π ಅಭಾಗಲಬ್ಧ ಎಂದು ಹದಿನೆಂಟನೇ ಶತಮಾನದಲ್ಲಿ ಗಣಿತಜ್ಞ ಲ್ಯಾಂಬರ್ಟ್ ಸಾಧಿಸಿದ. ವರ್ಗಮೂಲದ ಚಿಹ್ನೆ ಕಂಡದ್ದೆಲ್ಲ ಅಭಾಗಲಬ್ಧವೂ ಅಲ್ಲ, √49 ಎಂದರೆ 7.

ಎಸ್ಸೆಸ್ಸೆಲ್ಸಿಗೆ ಓದುತ್ತಿರುವವರು √2ರ ಸಾಧನೆಯನ್ನು ಬಾಯಿಪಾಠ ಮಾಡಬೇಡಿ. ಅದೇ ಸಾಲುಗಳನ್ನು √4ಕ್ಕೆ ಹಚ್ಚಿ, ಯಾವ ಸಾಲಿನಲ್ಲಿ ವಾದ ಮುರಿಯುತ್ತದೆ ಎಂದು ನೀವೇ ಹುಡುಕಿ.