ಲಿಂಕನ್ ಬರೆಯದ ಪತ್ರ, ನಾವು ಓದದ ಪತ್ರ

ಶಿಕ್ಷಕರ ದಿನಾಚರಣೆ ಹತ್ತಿರ ಬಂತೆಂದರೆ ಆ ಪತ್ರ ಮತ್ತೆ ಹೊರಗೆ ಬರುತ್ತದೆ. ಅಬ್ರಹಾಂ ಲಿಂಕನ್ ತನ್ನ ಮಗನನ್ನು ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರಿಗೆ ಬರೆದದ್ದಂತೆ. ಹುಡುಗನಿಗೆ ಏನೇನು ಕಲಿಸಬೇಕು ಎಂಬ ಉದ್ದನೆಯ ಪಟ್ಟಿ ಅದು. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಕಟ್ಟು ಹಾಕಿಸಿ ತೂಗುಬಿಟ್ಟಿರುತ್ತಾರೆ, ಬಿ.ಎಡ್. ಕಾಲೇಜುಗಳ ವಾರ್ಷಿಕ ಸಂಚಿಕೆಯಲ್ಲಿ ಅಚ್ಚು ಹಾಕುತ್ತಾರೆ, ಬೀಳ್ಕೊಡುಗೆ ಸಮಾರಂಭಗಳಲ್ಲಿ ಕಣ್ಣು ತುಂಬಿಕೊಂಡು ಓದುತ್ತಾರೆ. ವಾಟ್ಸಾಪ್‌ನಲ್ಲಂತೂ ಅದಕ್ಕೆ ಸಾವೇ ಇಲ್ಲ.

ಅದನ್ನು ಲಿಂಕನ್ ಬರೆದೇ ಇಲ್ಲ.

ಇದನ್ನು ಎಷ್ಟು ಸಲ ಹೇಳಿದರೂ ನಾಟುವುದಿಲ್ಲ, ಆದ್ದರಿಂದ ಒಂದಿಷ್ಟು ವಿವರವಾಗಿಯೇ ಹೇಳುತ್ತೇನೆ. ಲಿಂಕನ್ ಬರೆದ ಪತ್ರ, ಭಾಷಣ, ಟಿಪ್ಪಣಿ, ತಂತಿ ಸಂದೇಶಗಳನ್ನೆಲ್ಲ ರಾಯ್ ಬ್ಯಾಸ್ಲರ್ ಎಂಬ ವಿದ್ವಾಂಸ ಸಂಪಾದಿಸಿ, ರಟ್ಗರ್ಸ್ ವಿಶ್ವವಿದ್ಯಾಲಯದ ಮುದ್ರಣಾಲಯ 1953ರಲ್ಲಿ ಎಂಟು ಸಂಪುಟಗಳಲ್ಲಿ ಪ್ರಕಟಿಸಿತು. ಒಂದೆರಡು ಸಾಲಿನ ಚೀಟಿಗಳಿಗೂ ಅಲ್ಲಿ ಜಾಗ ಸಿಕ್ಕಿದೆ. ಹೆಡ್‌ಮಾಸ್ಟರ್ ಪತ್ರ ಮಾತ್ರ ಇಲ್ಲ. ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್ ತನ್ನಲ್ಲಿರುವ ಲಿಂಕನ್ ಕಾಗದಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದೆ. ಅಲ್ಲಿಯೂ ಇಲ್ಲ. ಪತ್ರ ಹೋದದ್ದು ಯಾವ ಮೇಷ್ಟ್ರಿಗೆ? ಯಾವ ಊರಿನ ಶಾಲೆಗೆ? ಯಾವ ತಾರೀಖಿನಂದು? ಓದಿ ಕಣ್ಣೊರೆಸಿಕೊಳ್ಳುವವರು ಯಾರೂ ಈ ಮೂರು ಪ್ರಶ್ನೆ ಕೇಳುವುದಿಲ್ಲ.

ಕೆಲವು ಪ್ರತಿಗಳಲ್ಲಿ 1830 ಎಂಬ ಇಸವಿಯೂ ಇರುತ್ತದೆ. 1830ರಲ್ಲಿ ಲಿಂಕನ್‌ಗೆ ಇಪ್ಪತ್ತೊಂದು ವರ್ಷ. ಮದುವೆಯಾದದ್ದು 1842ರ ನವೆಂಬರಿನಲ್ಲಿ, ಹಿರಿಯ ಮಗ ರಾಬರ್ಟ್ ಹುಟ್ಟಿದ್ದು 1843ರಲ್ಲಿ. ಹುಟ್ಟದ ಮಗನನ್ನು ಶಾಲೆಗೆ ಕಳಿಸಿದ ತಂದೆಯ ಪತ್ರವನ್ನು ಶಿಕ್ಷಕರೇ ಶಿಕ್ಷಕರಿಗೆ ಓದಿ ಹೇಳುತ್ತಿದ್ದಾರೆ. ಕೂಡಿ ಕಳೆಯುವ ಲೆಕ್ಕವನ್ನೂ ಮಾಡದಷ್ಟು ಅವಸರವೇನಿತ್ತು?

ನನಗೆ ಹೆಚ್ಚು ಬೇಸರವಾಗುವುದು ಬೇರೊಂದು ಕಾರಣಕ್ಕೆ. ಈ ಸುಳ್ಳು ಲಿಂಕನ್ ನಿಜವಾದ ಲಿಂಕನ್‌ನನ್ನು ಮರೆಮಾಡಿಬಿಟ್ಟಿದ್ದಾನೆ. ನಿಜವಾದವನು ಮಕ್ಕಳ ವಿಷಯದಲ್ಲಿ ಉಪದೇಶದ ಪಟ್ಟಿ ಹಿಡಿದು ಕೂತ ತಂದೆಯೇ ಅಲ್ಲ. ನಾಲ್ವರು ಗಂಡುಮಕ್ಕಳಲ್ಲಿ ಎಡ್ವರ್ಡ್ 1850ರಲ್ಲಿ, ವಿಲ್ಲಿ 1862ರಲ್ಲಿ ತೀರಿಕೊಂಡರು. ಕಿರಿಯವನು ಟ್ಯಾಡ್. ಅವನ ಮಾತು ಹೊರಗಿನವರಿಗೆ ಸುಲಭವಾಗಿ ತಿಳಿಯುತ್ತಿರಲಿಲ್ಲ. ಶ್ವೇತಭವನದಲ್ಲಿ ಅವನಿಗೆ ಪಾಠ ಹೇಳಲು ಮೇಷ್ಟ್ರಿದ್ದರೂ ಓದು ಹತ್ತಲಿಲ್ಲ. ಸರಿಯಾಗಿ ಓದಲು ಕಲಿತದ್ದು ತಂದೆ ಸತ್ತ ಮೇಲೆ. ಓದು ಹತ್ತಲಿಲ್ಲವೆಂದು ತಂದೆ ಅವನನ್ನು ಹಿಂಸಿಸಲಿಲ್ಲ.

1863ರ ಆಗಸ್ಟ್ 8ರಂದು ಲಿಂಕನ್ ಹೆಂಡತಿಗೆ ಬರೆದ ಪತ್ರ ಉಳಿದಿದೆ. ಗೆಟಿಸ್‌ಬರ್ಗ್ ಕದನ ಮುಗಿದು ಒಂದು ತಿಂಗಳಷ್ಟೇ ಆಗಿತ್ತು. ಆ ಪತ್ರದ ಮುಖ್ಯ ಸುದ್ದಿ ಟ್ಯಾಡ್ ಸಾಕಿದ ಮೇಕೆ ಕಳೆದುಹೋದದ್ದು! ನೀವು ಹೊರಟ ದಿನ ಅದು ಟ್ಯಾಡ್‌ನ ಹಾಸಿಗೆಯ ನಟ್ಟನಡುವೆ ಮಲಗಿ ಮೆಲುಕು ಹಾಕುತ್ತಿತ್ತು, ಹೂಗಿಡ ಹಾಳುಮಾಡುತ್ತದೆಂದು ತೋಟದವನು ದೂರುತ್ತಲೇ ಇದ್ದ, ಶ್ವೇತಭವನಕ್ಕೆ ತಂದು ಬಿಟ್ಟೆವು, ಎರಡನೆಯ ದಿನವೇ ನಾಪತ್ತೆ ಎಂದು ಒಂದೊಂದನ್ನೂ ಬಿಡಿಸಿ ಹೇಳುತ್ತಾನೆ. ಅಂತರ್ಯುದ್ಧದ ನಡುವೆ ಮಗನ ಮೇಕೆಯ ಬಗ್ಗೆ ಇಷ್ಟು ಬರೆಯಲು ಪುರುಸೊತ್ತು ಮಾಡಿಕೊಂಡ ತಂದೆ ಇವನು. ಇದರ ಮುಂದೆ ಆ ಹೆಡ್‌ಮಾಸ್ಟರ್ ಪತ್ರ ಬರೀ ಒಣ ನೀತಿಪಾಠ.

‘ಯಾರು ಬರೆದರೇನು, ಮಾತು ಒಳ್ಳೆಯದಲ್ಲವೇ?’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಾತು ಅಷ್ಟು ಒಳ್ಳೆಯದಾದರೆ ‘ಬರೆದವರು ತಿಳಿದಿಲ್ಲ’ ಎಂದು ಕೆಳಗೆ ಹಾಕಿ ತೂಗುಬಿಡಿ. ಹಾಗೆ ಯಾರೂ ಮಾಡುವುದಿಲ್ಲ. ಲಿಂಕನ್ ಹೆಸರು ತೆಗೆದರೆ ಅದರ ತೂಕ ಇಳಿದುಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪ್ರಾಮಾಣಿಕತೆಯನ್ನು ಕಲಿಸಿ ಎಂದು ಕೇಳುವ ಬರಹವನ್ನು ಸುಳ್ಳು ಸಹಿಯೊಂದಿಗೆ ಮಕ್ಕಳ ಮುಂದಿಡುವುದು ಸಣ್ಣ ತಪ್ಪಲ್ಲ. ಹತ್ತನೇ ಕ್ಲಾಸಿನ ಹುಡುಗಿ ನಾಳೆ ಮೊಬೈಲಿನಲ್ಲೇ ಹುಡುಕಿ ‘ಸರ್, ಇದು ನಿಜವಲ್ಲವಂತೆ’ ಎಂದರೆ ಮೇಷ್ಟ್ರು ಏನು ಹೇಳಬೇಕು?

ಲಿಂಕನ್ ಹೆಸರಿನ ಮಿಕ್ಕ ಕಥೆಗಳದೂ ಇದೇ ಪಾಡು. ಅಧ್ಯಕ್ಷನಾದ ದಿನ ಯಾರೋ ಅವನನ್ನು ಚಪ್ಪಲಿ ಹೊಲಿಯುವವನ ಮಗನೆಂದು ಹಂಗಿಸಿದರಂತೆ. ತಂದೆ ಥಾಮಸ್ ಲಿಂಕನ್ ರೈತ, ಬಡಗಿ. ಸೋಲಿನ ಮೇಲೆ ಸೋಲು ಕಂಡು ಕೊನೆಗೊಮ್ಮೆ ಗೆದ್ದ ಎಂದು ವ್ಯಕ್ತಿತ್ವ ವಿಕಸನದ ಭಾಷಣಕಾರರು ಪಟ್ಟಿ ಓದುತ್ತಾರೆ. 1834ರಿಂದ ಸತತ ನಾಲ್ಕು ಬಾರಿ ಇಲಿನಾಯ್ ಶಾಸನಸಭೆಗೆ ಗೆದ್ದದ್ದು, 1846ರಲ್ಲಿ ಕಾಂಗ್ರೆಸ್ಸಿಗೆ ಆರಿಸಿಬಂದದ್ದು, ರೈಲ್ವೆ ಕಂಪನಿಗಳ ಮೊಕದ್ದಮೆ ನಡೆಸುವ ಹೆಸರಾಂತ ವಕೀಲನಾದದ್ದು ಆ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಗೆಟಿಸ್‌ಬರ್ಗ್ ಭಾಷಣವನ್ನು ರೈಲಿನಲ್ಲಿ ಲಕೋಟೆಯ ಹಿಂಬದಿ ಗೀಚಿದ ಎಂಬುದೂ ಸುಳ್ಳು.

ಅಮೆರಿಕನ್ನರಿಗೂ ಈ ಚಟ ಹಳೆಯದು. ಬಾಲಕ ವಾಷಿಂಗ್ಟನ್ ಚೆರ್ರಿ ಮರಕ್ಕೆ ಕೊಡಲಿ ಹಾಕಿ ತಂದೆಯ ಮುಂದೆ ನಿಜ ನುಡಿದ ಕಥೆಯನ್ನು ನಮ್ಮ ಮಕ್ಕಳ ನೀತಿಕಥೆಗಳಲ್ಲೂ ಓದಿದ್ದೇವೆ. ಅದನ್ನು ಹುಟ್ಟುಹಾಕಿದವನು ಮೇಸನ್ ಲಾಕ್ ವೀಮ್ಸ್. ಪಾದ್ರಿ, ಊರೂರು ತಿರುಗಿ ಪುಸ್ತಕ ಮಾರುತ್ತಿದ್ದವನು. ವಾಷಿಂಗ್ಟನ್ ಸತ್ತದ್ದು 1799ರಲ್ಲಿ, ವೀಮ್ಸ್ ಬರೆದ ಚರಿತ್ರೆ ಬಂದದ್ದು 1800ರಲ್ಲಿ. ಚೆರ್ರಿ ಮರದ ಕಥೆ ಸೇರಿಕೊಂಡದ್ದು 1806ರ ಐದನೆಯ ಮುದ್ರಣದಲ್ಲಿ, ಹೆಸರಿಲ್ಲದ ಒಬ್ಬ ಮುದುಕಿ ಹೇಳಿದಳೆಂಬ ಆಧಾರದ ಮೇಲೆ. ಅವನ ಕಥೆಯಲ್ಲೂ ಹುಡುಗ ಮರ ಉರುಳಿಸಲಿಲ್ಲ, ತೊಗಟೆ ಕಿತ್ತ ಅಷ್ಟೆ. ವ್ಯಾಲಿ ಫೋರ್ಜ್‌ನ ಹಿಮದಲ್ಲಿ ವಾಷಿಂಗ್ಟನ್ ಮೊಣಕಾಲೂರಿ ಪ್ರಾರ್ಥಿಸಿದ ಕಥೆಯನ್ನು ಹರಡಿದವನೂ ಇವನೇ; ಅದು 1928ರಲ್ಲಿ ಅಂಚೆಚೀಟಿಯೂ ಆಯಿತು. ಅಮೆರಿಕದ ಶಾಲಾ ಪ್ರತಿಜ್ಞೆಯಲ್ಲಿ ದೇವರ ಹೆಸರು ರಾಷ್ಟ್ರನಿರ್ಮಾಪಕರ ಕಾಲದಿಂದ ಇದೆ ಎಂದು ನಂಬುವವರು ಅನೇಕ. ಪ್ರತಿಜ್ಞೆ ಹುಟ್ಟಿದ್ದೇ 1892ರಲ್ಲಿ, ಅದಕ್ಕೆ ದೇವರ ಹೆಸರು ಸೇರಿದ್ದು 1954ರಲ್ಲಿ. ಭಕ್ತಿಗೂ ದೇಶಪ್ರೇಮಕ್ಕೂ ಇಂಥ ಊರುಗೋಲು ಬೇಕೆಂದು ನನಗೆ ಅನ್ನಿಸುವುದಿಲ್ಲ. ವಾಷಿಂಗ್ಟನ್ 1783ರಲ್ಲಿ ಅನಾಪೊಲಿಸ್‌ನಲ್ಲಿ ಸೇನಾಧಿಕಾರವನ್ನು ತಾನಾಗಿ ಒಪ್ಪಿಸಿ ಮನೆಗೆ ಹೋದ. 1790ರಲ್ಲಿ ನ್ಯೂಪೋರ್ಟ್‌ನ ಯಹೂದಿಗಳಿಗೆ ಪತ್ರ ಬರೆದು, ಈ ಸರ್ಕಾರ ಮತದ್ವೇಷಕ್ಕೆ ಆಸರೆ ಕೊಡುವುದಿಲ್ಲ ಎಂದು ಭರವಸೆಯಿತ್ತ. ಎರಡಕ್ಕೂ ದಾಖಲೆಯಿದೆ.

ಲಿಂಕನ್ ಕೂಡ ಚಿಕ್ಕಂದಿನಲ್ಲಿ ವೀಮ್ಸ್‌ನ ಪುಸ್ತಕ ಓದಿದ್ದ. 1861ರ ಫೆಬ್ರವರಿಯಲ್ಲಿ ನ್ಯೂಜೆರ್ಸಿಯ ಸೆನೆಟ್ ಮುಂದೆ ಅದನ್ನು ನೆನೆದಾಗ ಹೇಳಿದ್ದು ಚೆರ್ರಿ ಮರದ ಮಾತಲ್ಲ. ವಾಷಿಂಗ್ಟನ್‌ನ ಸೇನೆ ನದಿ ದಾಟಿದ್ದು, ಟ್ರೆಂಟನ್ ಕದನ, ಸೈನಿಕರು ಪಟ್ಟ ಪಾಡು, ಇವೇ ಅವನ ಮನಸ್ಸಿನಲ್ಲಿ ಉಳಿದಿದ್ದವು.

ಶಿಕ್ಷಣದ ಬಗ್ಗೆ ಲಿಂಕನ್‌ನ ಪತ್ರವೇ ಬೇಕೆನ್ನುವವರಿಗೆ ಒಂದು ಇದೆ. ಅವನು ಶಾಲೆಗೆ ಹೋದದ್ದು ಎಲ್ಲ ಸೇರಿ ಒಂದು ವರ್ಷವೂ ಇಲ್ಲ. ಹಾಗೆಂದು ಅವನೇ ಬರೆದುಕೊಂಡಿದ್ದಾನೆ. ಮಗ ರಾಬರ್ಟ್ 1859ರಲ್ಲಿ ಹಾರ್ವರ್ಡ್ ಪ್ರವೇಶ ಪರೀಕ್ಷೆಗೆ ಕೂತು ಹದಿನಾರು ವಿಷಯಗಳಲ್ಲಿ ಹದಿನೈದರಲ್ಲಿ ಫೇಲಾದ. ಒಂದು ವರ್ಷ ಎಕ್ಸೆಟರ್‌ನ ಶಾಲೆಯಲ್ಲಿ ಓದಿ 1860ರಲ್ಲಿ ಪಾಸಾದ. ಆ ಸಲ ಫೇಲಾದವನು ಅವನ ಗೆಳೆಯ ಜಾರ್ಜ್ ಲೇಥಮ್. ಲಿಂಕನ್ ಆಗ ಅಧ್ಯಕ್ಷ ಪದವಿಯ ಅಭ್ಯರ್ಥಿ, ಚುನಾವಣೆಯ ಬಿಸಿಯಲ್ಲಿದ್ದವನು. ಜುಲೈ 22ರಂದು ಸ್ಪ್ರಿಂಗ್‌ಫೀಲ್ಡ್‌ನಿಂದ ಆ ಹುಡುಗನಿಗೆ ಪತ್ರ ಬರೆದ. ನಿನ್ನ ಸುದ್ದಿ ಕೇಳಿ ಬಹಳ ನೋವಾಯಿತು ಎಂದು ಮೊದಲೇ ಹೇಳಿಕೊಂಡು, ಎದೆಗುಂದದಿದ್ದರೆ ಇದು ದೊಡ್ಡ ವಿಷಯವಲ್ಲ, ಹೊರಟವನು ಗೆದ್ದೇ ತೀರಬೇಕು ಎಂದ. ಕಾಲೇಜಿನ ಅಧ್ಯಕ್ಷರನ್ನು ಕಂಡು ಮಾತಾಡು, ಅಡ್ಡಿ ನಿವಾರಿಸುವ ದಾರಿ ಅವರೇ ತೋರಿಸಿಯಾರು ಎಂದು ಉಪಾಯವನ್ನೂ ಸೂಚಿಸಿದ. ಸುಲಭವಾಗಿ ಸೀಟು ಸಿಕ್ಕ ಎಷ್ಟೋ ಮಂದಿಗಿಂತ ನೀನು ಒಳ್ಳೆಯ ವಿದ್ವಾಂಸನಾಗಲಾರೆ ಎನ್ನಲು ಈ ಸೋಲು ಸಾಕ್ಷಿಯಲ್ಲ ಎಂದೂ ಬರೆದ.

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ದಿನ ಮೂಲೆಯಲ್ಲಿ ಕೂತ ಮಕ್ಕಳಿಗೆ ಈ ಪತ್ರವನ್ನು ಯಾವ ಮೇಷ್ಟ್ರು ಬೇಕಾದರೂ ಕನ್ನಡದಲ್ಲಿ ಹೇಳಬಹುದು. ಬ್ಯಾಸ್ಲರ್ ಸಂಪಾದನೆಯ ನಾಲ್ಕನೆಯ ಸಂಪುಟದಲ್ಲಿದೆ. ಊರು, ತಾರೀಖು, ಹುಡುಗನ ಹೆಸರು ಎಲ್ಲವೂ ಇವೆ.