ಶಾಲೆಯ ಫಲಿತಾಂಶ ನೋಡುವ ಮುನ್ನ ಮಕ್ಕಳನ್ನು ನೋಡೋಣ

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ದಿನ ನಮ್ಮ ಕರಾವಳಿಯಲ್ಲಿ ಒಂದು ಬಗೆಯ ಹಬ್ಬ. 2024ರಲ್ಲಿ ಉಡುಪಿ ಜಿಲ್ಲೆ ಶೇ. 94ರೊಂದಿಗೆ ಪ್ರಥಮ, ದಕ್ಷಿಣ ಕನ್ನಡ ಶೇ. 92.12ರೊಂದಿಗೆ ದ್ವಿತೀಯ ಸ್ಥಾನ ಪಡೆದವು. ಶೇ. 50.59 ಪಡೆದ ಯಾದಗಿರಿ ಕೊನೆಯಲ್ಲಿತ್ತು. ನಮ್ಮ ಮಕ್ಕಳು ಜಾಣರು, ನಮ್ಮ ಶಾಲೆಗಳು ಒಳ್ಳೆಯವು ಎಂದು ನಾವೆಲ್ಲ ಹೆಮ್ಮೆಪಟ್ಟೆವು. ಹೆಮ್ಮೆ ಪಡುವುದು ತಪ್ಪಲ್ಲ. ಆದರೆ ಆ ಅಂಕಿಗಳು ನಿಜವಾಗಿ ಏನನ್ನು ಅಳೆಯುತ್ತವೆ ಎಂದು ಕೇಳಿದವರು ಕಡಿಮೆ.

ಉದ್ಯೋಗಕ್ಕಾಗಿ ಕರಾವಳಿಯಿಂದ ಮೈಸೂರಿಗೆ ಹೋಗಿ ನೆಲೆಸಿದ ಕುಟುಂಬಗಳು ನಮ್ಮಲ್ಲಿ ಅನೇಕ ಇವೆ. ಮಗುವನ್ನು ಒಂದನೇ ತರಗತಿಗೆ ಸೇರಿಸುವ ಸಮಯ ಬಂದಾಗ ಅವರು ಕೇಳುವ ಪ್ರಶ್ನೆ ಒಂದೇ: "ಮನೆ ಹತ್ತಿರದ ಸರಕಾರಿ ಶಾಲೆಯ ರಿಸಲ್ಟ್ ಹೇಗಿದೆ?" ಈ ಪ್ರಶ್ನೆಗೆ ಉತ್ತರ ಕೊಡುವುದು ಕಾಣುವಷ್ಟು ಸುಲಭವಲ್ಲ. ಯಾಕೆಂದು ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ.

ಮೊದಲನೆಯದಾಗಿ, ಎಸ್ಸೆಸ್ಸೆಲ್ಸಿಯಂತೆ ಪತ್ರಿಕೆಯಲ್ಲಿ ಬರುವ ರಿಸಲ್ಟ್ ಪ್ರಾಥಮಿಕ ಶಾಲೆಗೆ ಇಲ್ಲ. ಐದು ಮತ್ತು ಎಂಟನೇ ತರಗತಿಗಳಿಗೆ ರಾಜ್ಯ ಮಟ್ಟದ ಪರೀಕ್ಷೆ ನಡೆಸಲು ಸರಕಾರ ಮುಂದಾದಾಗ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. 2024ರಲ್ಲಿ ಪರೀಕ್ಷೆ ನಡೆದರೂ ಸುಪ್ರೀಂ ಕೋರ್ಟಿನ ತಡೆಯಿಂದ ಫಲಿತಾಂಶ ಅಲ್ಲಿಗೇ ನಿಂತಿತು. ಹೀಗಾಗಿ ಹೆತ್ತವರು ಹತ್ತನೇ ತರಗತಿಯ ಅಂಕಿಗಳನ್ನು ನೋಡಿ ಒಂದನೇ ತರಗತಿಯ ಶಾಲೆಯನ್ನು ಅಳೆಯುತ್ತಾರೆ.

ಆ ಅಂಕಿಗಳಾದರೂ ಗಟ್ಟಿಯೇ? 2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89. ಮರುವರ್ಷ ಅದು ಶೇ. 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರೇ? ಖಂಡಿತ ಇಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಲಾಯಿತು, ನಕಲಿಗೆ ಕಡಿವಾಣ ಬಿತ್ತು. ಆ ಶೇ. 73.40 ಕೂಡ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದ ಮೇಲೆ ಬಂದದ್ದು! ಮಕ್ಕಳು ಅವರೇ, ಅಳತೆಗೋಲು ಬೇರೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಒಂದು ಶಾಲೆಯ ಸರಾಸರಿ ಅಂಕವು ಅಲ್ಲಿ ಶಿಕ್ಷಕರು ಏನು ಕಲಿಸುತ್ತಾರೆ ಎಂಬುದನ್ನು ಎಷ್ಟು ಹೇಳುತ್ತದೋ, ಅಲ್ಲಿಗೆ ಯಾರ ಮಕ್ಕಳು ಬರುತ್ತಾರೆ ಎಂಬುದನ್ನೂ ಅಷ್ಟೇ ಹೇಳುತ್ತದೆ. 2011ರ ಜನಗಣತಿಯಂತೆ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88ಕ್ಕಿಂತ ಹೆಚ್ಚು. ಮೈಸೂರು ಜಿಲ್ಲೆಯದು ಶೇ. 73ರ ಆಸುಪಾಸು, ಅಲ್ಲಿನ ಮಹಿಳೆಯರದು ಶೇ. 67ರ ಆಸುಪಾಸು. ಹೋಂವರ್ಕ್ ಪುಸ್ತಕ ತೆರೆದು ಕುಳಿತ ಮಗುವಿನ ಪಕ್ಕದಲ್ಲಿ ಓದು ಬಲ್ಲ ತಾಯಿ ಇದ್ದಾಳೋ ಇಲ್ಲವೋ ಎಂಬುದು ಅಂಕಪಟ್ಟಿಯಲ್ಲಿ ಎಲ್ಲಿಯೂ ಬರೆದಿರುವುದಿಲ್ಲ.

ಮೈಸೂರು ನಗರದಲ್ಲೇ ಒಂದು ಬಡಾವಣೆಗೂ ಇನ್ನೊಂದಕ್ಕೂ ಅಜಗಜಾಂತರ. ಕುವೆಂಪುನಗರ, ಸರಸ್ವತಿಪುರಂ ಕಡೆ ನೌಕರಿಯಲ್ಲಿರುವವರ, ನಿವೃತ್ತರ ಮನೆಗಳು. ನಜರ್‌ಬಾದ್ ದಾಟಿ ಎನ್.ಆರ್. ಮೊಹಲ್ಲಾ, ಉದಯಗಿರಿಯ ಕಡೆ ಹೋದರೆ ಮನೆಯ ಹೊಸ್ತಿಲಲ್ಲೇ ಕುಳಿತು ಊದುಬತ್ತಿ ಹೊಸೆಯುವ, ಬೀಡಿ ಕಟ್ಟುವ ಹೆಂಗಸರು ಕಾಣಸಿಗುತ್ತಾರೆ. ಅಲ್ಲಿ ಮನೆಮಾತು ಉರ್ದುವಾಗಿರುವ ಮಕ್ಕಳು ಬಹಳ. ಉರ್ದು ಮಾಧ್ಯಮದ ಸರಕಾರಿ ಶಾಲೆಗಳೂ ಇವೆ. ಹೊರವಲಯದಲ್ಲಿ ಕಟ್ಟಡ ಕೆಲಸಕ್ಕೆ ಬಂದವರ ಶೆಡ್ಡುಗಳಿವೆ. ಕೆಲಸ ಮುಗಿದರೆ ಅಪ್ಪ-ಅಮ್ಮನೊಂದಿಗೆ ಮಗುವೂ ಗಂಟುಮೂಟೆ ಕಟ್ಟುತ್ತದೆ. ಈ ಎಲ್ಲ ಶಾಲೆಗಳ ಹೊರಗೆ ಒಂದೇ ಬಗೆಯ ನಾಮಫಲಕ: "ಸರಕಾರಿ ಹಿರಿಯ ಪ್ರಾಥಮಿಕ ಶಾಲೆ".

ಮತ್ತೊಂದು ಸಂಗತಿಯನ್ನು ಸ್ವಲ್ಪ ಸಂಕೋಚದಿಂದಲೇ ಹೇಳಬೇಕು. ಶಿಕ್ಷಣ ಹಕ್ಕು ಕಾಯ್ದೆಯಂತೆ ಖಾಸಗಿ ಶಾಲೆಗಳು ಶೇ. 25 ಸೀಟುಗಳನ್ನು ಬಡ ಮಕ್ಕಳಿಗೆ ಕೊಡಬೇಕಿತ್ತು. ಕರ್ನಾಟಕದಲ್ಲಿ ಇದು 2012ರಲ್ಲಿ ಜಾರಿಗೆ ಬಂತು. ಅರ್ಜಿ ಹಾಕಿ, ದಾಖಲೆ ಹೊಂದಿಸಿ, ಲಾಟರಿಗಾಗಿ ಕಾದವರು ಯಾರು? ಬಡವರಲ್ಲೇ ಸ್ವಲ್ಪ ಚುರುಕಾದ ಹೆತ್ತವರು. ಅವರ ಮಕ್ಕಳು ಆಚೆ ಹೋದ ಮೇಲೆ ಸರಕಾರಿ ಶಾಲೆಯ ಬೆಂಚಿನಲ್ಲಿ ಉಳಿದವರು ಕೇಳುವವರಿಲ್ಲದ ಮಕ್ಕಳು. 2019ರಲ್ಲಿ ರಾಜ್ಯ ಸರಕಾರ ನಿಯಮ ಬದಲಿಸಿ, ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ ಎಂದಿತು. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗಂತೂ 2014ರಲ್ಲೇ ಸುಪ್ರೀಂ ಕೋರ್ಟ್ ವಿನಾಯಿತಿ ನೀಡಿತ್ತು. ನಮ್ಮ ಕಾನ್ವೆಂಟ್ ಶಾಲೆಗಳೂ ಇದರಲ್ಲಿ ಸೇರಿವೆ. ಪ್ರವೇಶಕ್ಕೆ ಮುನ್ನವೇ ಮಕ್ಕಳನ್ನು ಜರಡಿ ಹಿಡಿದು, ಹತ್ತು ವರ್ಷದ ನಂತರ ಫಲಿತಾಂಶ ಹೋಲಿಸುವುದು ನ್ಯಾಯವೇ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ.

ಸಂಖ್ಯೆಯ ಆಟವೂ ಇದೆ. ತರಗತಿಯಲ್ಲಿ 20 ಮಕ್ಕಳಿದ್ದರೆ ಒಬ್ಬ ಹಿಂದೆ ಬಿದ್ದರೆ ಶೇ. 5 ಕಡಿಮೆ, ಹತ್ತೇ ಮಕ್ಕಳಿದ್ದರೆ ಶೇ. 10. ಒಬ್ಬ ಹುಡುಗನಿಗೆ ಜ್ವರ ಬಂದರೆ ಶಾಲೆಯೇ "ಕುಸಿಯಿತು" ಎಂದಾಗುತ್ತದೆ. ಮಕ್ಕಳು ಕಡಿಮೆ ಎಂಬ ಮಾತು ಶಾಲೆಗೆ ಎಷ್ಟು ಅಪಾಯಕಾರಿ ಎಂಬುದನ್ನು ಮೈಸೂರಿಗರು ಕಂಡಿದ್ದಾರೆ. ನಾರಾಯಣ ಶಾಸ್ತ್ರಿ ರಸ್ತೆಯ ಮಹಾರಾಣಿ ಎನ್‌ಟಿಎಂ ಶಾಲೆಯ ಜಾಗವನ್ನು ಸ್ವಾಮಿ ವಿವೇಕಾನಂದರ ಸ್ಮಾರಕಕ್ಕೆ ಕೊಡುವ ವಿಚಾರ 2013ರಿಂದ ವಿವಾದವಾಗಿತ್ತು. ಶಾಲೆ ಉಳಿಸಲು ಕನ್ನಡ ಸಂಘಟನೆಗಳು ವರ್ಷಗಟ್ಟಲೆ ಹೋರಾಡಿದವು. ಮಕ್ಕಳ ಸಂಖ್ಯೆ ಕಡಿಮೆ ಎಂಬುದೂ ಅಲ್ಲಿ ಕೇಳಿಬಂದ ವಾದಗಳಲ್ಲಿ ಒಂದು. 2022ರಲ್ಲಿ ಕಟ್ಟಡ ನೆಲಸಮವಾಯಿತು.

ಹಾಗಾದರೆ ಅಳೆಯುವುದು ಹೇಗೆ? ಇದಕ್ಕೊಂದು ಉತ್ತರ ಮೈಸೂರು ಜಿಲ್ಲೆಯಲ್ಲೇ ಹುಟ್ಟಿತು ಎಂಬುದು ಅನೇಕರಿಗೆ ತಿಳಿದಿಲ್ಲ. ಹೆಗ್ಗಡದೇವನಕೋಟೆ ತಾಲೂಕು ಕಾಡಂಚಿನ ಪ್ರದೇಶ. ಜೇನುಕುರುಬ, ಕಾಡುಕುರುಬ ಹಾಡಿಗಳಿರುವಲ್ಲಿ ಮಕ್ಕಳು ಒಂದು ವಾರ ಬಂದರೆ ಮುಂದಿನ ವಾರ ಬರುವುದಿಲ್ಲ. ಕಾಫಿ ಕೊಯ್ಲಿನ ಕಾಲಕ್ಕೆ ಹೆತ್ತವರು ಕೊಡಗಿಗೆ ಹೊರಟರೆ ಮಕ್ಕಳೂ ಹಿಂದೆಯೇ. ತಿರುಗಿ ಬಂದಾಗ ಪಾಠ ಹತ್ತು ಪುಟ ಮುಂದೆ ಹೋಗಿರುತ್ತದೆ. ಮಗು ಹಿಂದಿನ ಬೆಂಚಿಗೆ, ಆಮೇಲೆ ಮನೆಗೆ. 1995ರಲ್ಲಿ ಯುನಿಸೆಫ್ ನೆರವಿನಿಂದ ಇಲ್ಲಿನ ಸರಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳ ಪದ್ಧತಿ ನೋಡಿ ಬಂದರು. ಅದನ್ನು ಕನ್ನಡಕ್ಕೆ ಒಗ್ಗಿಸಿ ರೂಪಿಸಿದ್ದೇ "ನಲಿ-ಕಲಿ".

ಇದರ ಗುಟ್ಟು ಸರಳ. ಪಾಠವನ್ನು ಸಣ್ಣ ಸಣ್ಣ ಮೈಲಿಗಲ್ಲುಗಳಾಗಿ ಒಡೆದು, ಕಾರ್ಡುಗಳಲ್ಲಿ ಬರೆದು, ಗೋಡೆಯ ಮೇಲೆ ಕಲಿಕಾ ಏಣಿ ತೂಗುಹಾಕುತ್ತಾರೆ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ನೆಲದಲ್ಲಿ ಗುಂಪಾಗಿ ಕುಳಿತುಕೊಳ್ಳುತ್ತಾರೆ. ಈ ಗುಂಪುಗಳಿಗೆ "ತಟ್ಟೆ" ಎಂದು ಹೆಸರು. ಹೊಸದನ್ನು ಕಲಿಯುವವರು ಟೀಚರ್ ಪಕ್ಕದ ತಟ್ಟೆಯಲ್ಲಿ, ಸ್ವಲ್ಪ ಕಲಿತವರು ಗೆಳೆಯರ ಸಹಾಯದ ತಟ್ಟೆಯಲ್ಲಿ, ಚೆನ್ನಾಗಿ ಬಂದವರು ತಾವೇ ಕಲಿಯುವ ತಟ್ಟೆಯಲ್ಲಿ. ಎರಡು ತಿಂಗಳು ಕೊಡಗಿಗೆ ಹೋದ ಮಗು ಹಿಂದಿರುಗಿದರೆ, ಬಿಟ್ಟ ಮೆಟ್ಟಿಲಿನಿಂದಲೇ ಏಣಿ ಹತ್ತುತ್ತದೆ. ಗೋಡೆಯ "ಪ್ರಗತಿ ನೋಟ"ದಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಅದು ಏರಿದ ಮೆಟ್ಟಿಲು ಗುರುತಾಗುತ್ತದೆ. ಪಕ್ಕದವನೊಂದಿಗೆ ಹೋಲಿಕೆಯಲ್ಲ, ಅದೇ ಮಗುವಿನ ನಿನ್ನೆ-ಇಂದಿನ ಹೋಲಿಕೆ. 2009-10ರಿಂದ ಈ ಪದ್ಧತಿ ರಾಜ್ಯದಾದ್ಯಂತ ಸರಕಾರಿ ಶಾಲೆಗಳಿಗೆ ವಿಸ್ತರಿಸಿತು.

ಎಲ್ಲ ಕಡೆ ಇದು ಕೋಟೆಯಲ್ಲಿ ನಡೆದಂತೆ ನಡೆಯಿತು ಎನ್ನಲಾಗದು. ಮೂವತ್ತು-ನಲವತ್ತು ಮಕ್ಕಳ ನಡುವೆ ಒಬ್ಬರೇ ಶಿಕ್ಷಕಿ, ಹರಿದ ಕಾರ್ಡುಗಳು, ಭರ್ತಿ ಮಾಡಲು ರಾಶಿ ದಾಖಲೆ ಇದ್ದರೆ ತಟ್ಟೆಗಳು ಬರೀ ಹೆಸರಿಗೆ. "ಮಕ್ಕಳು ನೆಲದ ಮೇಲೆ ಆಟವಾಡುತ್ತಾರೆ, ಬರೆಯಲು ಬರುವುದಿಲ್ಲ" ಎಂದು ಗೊಣಗುವ ಹೆತ್ತವರೂ ಇದ್ದಾರೆ. 2019-20ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದದ್ದು ಕೂಡ ಇಂಗ್ಲಿಷಿಗಾಗಿ ಖಾಸಗಿ ಶಾಲೆಯತ್ತ ಹೊರಟ ಹೆತ್ತವರನ್ನು ಹಿಡಿದಿಡಲು.

ಮೈಸೂರಿನಲ್ಲಿ ಮಗುವನ್ನು ಸೇರಿಸಲು ಹೊರಟ ನಮ್ಮವರು ಶಾಲೆಗೆ ಹೋದಾಗ "ರಿಸಲ್ಟ್ ಎಷ್ಟು" ಎಂದು ಕೇಳುವ ಬದಲು ಬೇರೆ ಕೆಲವು ವಿಷಯ ವಿಚಾರಿಸಲಿ. ಒಂದರಲ್ಲಿ ಸೇರಿದವರಲ್ಲಿ ಎಷ್ಟು ಮಂದಿ ಐದನೇ ತರಗತಿಗೆ ತಲುಪಿದರು? ಪ್ರತಿ ಮಗುವಿಗೂ ಎಸ್‌ಎಟಿಎಸ್ ಸಂಖ್ಯೆ ಇರುವುದರಿಂದ ಮುಖ್ಯೋಪಾಧ್ಯಾಯರಿಗೆ ಇದು ತಿಳಿಯದ ಸಂಗತಿಯಲ್ಲ. ಮೂವತ್ತು ಮಕ್ಕಳಿಗೆ ಒಬ್ಬ ಶಿಕ್ಷಕರಾದರೂ ಇದ್ದಾರೆಯೇ? ಎಸ್‌ಡಿಎಂಸಿ ಸಭೆ ಕೊನೆಯ ಬಾರಿ ಯಾವಾಗ ಸೇರಿತ್ತು, ತಾಯಂದಿರು ಬಂದಿದ್ದರೇ? ಕೊನೆಯದಾಗಿ, ಮೂರನೇ ತರಗತಿಯ ಒಂದು ಮಗುವನ್ನು ಕರೆದು ಅದರ ಪುಸ್ತಕದ ಒಂದು ಪುಟ ಓದಲು ಹೇಳಿ, ಪಕ್ಕದಲ್ಲಿ ಕುಳಿತು ಕೇಳಿ. ಐದು ನಿಮಿಷ ಸಾಕು.