ಓಲಗದಿಂದ ಜಾಝ್‌ವರೆಗೆ: ಕನ್ನಡಿಗರ ಸ್ಯಾಕ್ಸೊಫೋನ್ ನಡೆದ ದಾರಿ

ಹೊಳಲ್ಕೆರೆ: ಮದುವೆ ಮನೆಗಳ ಓಲಗ, ಮೆರವಣಿಗೆಯ ಬ್ಯಾಂಡು ಕೇಳಿ ಬೆಳೆದ ಈ ಭಾಗದ ಜನರಿಗೆ ಜಾಝ್ ಎಂಬುದು ದೂರದ ಸಂಗೀತವಾಗಿ ತೋರುವುದು ಸಹಜ. ಅದು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕಪ್ಪು ಜನರ ಮುಂದಿನ ಪೀಳಿಗೆಗಳ ನಡುವೆ ರೂಪುಗೊಂಡ ಸಂಗೀತ. ಆದರೆ ಅದರ ಪ್ರಮುಖ ವಾದ್ಯಗಳಲ್ಲೊಂದಾದ ಸ್ಯಾಕ್ಸೊಫೋನ್ ಮಾತ್ರ ಕನ್ನಡಿಗರಿಗೆ ಚಿರಪರಿಚಿತ. ದಕ್ಷಿಣ ಕನ್ನಡದಲ್ಲಿ ದೇವರ ಉತ್ಸವಕ್ಕೂ ಮದುವೆಗೂ ನಾಗಸ್ವರದ ಸ್ಥಾನದಲ್ಲಿ ಸ್ಯಾಕ್ಸೊಫೋನ್ ಕುಳಿತು ದಶಕಗಳೇ ಸಂದಿವೆ. ಜಾಝ್ ಕಛೇರಿಗೆ ಮೊದಲ ಬಾರಿ ಹೋಗುವ ಕನ್ನಡಿಗ ಶ್ರೋತೃವಿಗೆ ಒಳದಾರಿಯೊಂದು ಇಲ್ಲಿದೆ.

ಬೆಲ್ಜಿಯಂ ಮೂಲದ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಹಕ್ಕುಸ್ವಾಮ್ಯ ಪಡೆದ ಈ ವಾದ್ಯ ಮೊದಲು ಸೇರಿದ್ದು ಸೇನೆಯ ವಾದ್ಯವೃಂದಗಳನ್ನು. ಮೈಸೂರು ಅರಮನೆಯ ಬ್ಯಾಂಡಿನಲ್ಲೂ ಅದು ಇತ್ತು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಜನಿಸಿದ, ನಾಗಸ್ವರ ವಿದ್ವಾಂಸ ತನಿಯಪ್ಪನವರ ಪುತ್ರ ಗೋಪಾಲನಾಥರು ಆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮನಸೋತರು. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ, ನಂತರ ಚೆನ್ನೈನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಅವರು ಅಭ್ಯಾಸ ಮಾಡಿದರು. ಕರ್ನಾಟಕ ಸಂಗೀತಕ್ಕೆ ವಾದ್ಯವನ್ನು ಒಗ್ಗಿಸಲು ಅವರಿಗೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಇಷ್ಟು ಕಾಲ ಹಿಡಿಯಲು ಕಾರಣವಿದೆ. ಸ್ಯಾಕ್ಸೊಫೋನಿನ ಪ್ರತಿ ರಂಧ್ರವನ್ನೂ ಬೆರಳಿನ ಬದಲು ಲೋಹದ ಕೀಲಿ ಮುಚ್ಚುತ್ತದೆ. ನಾಗಸ್ವರದಲ್ಲಿ ಬೆರಳನ್ನು ಅರೆಬರೆ ಎತ್ತಿ ಸ್ವರವನ್ನು ಜಾರಿಸಬಹುದು. ಕೀಲಿಯಿಂದ ಆ ಕೆಲಸ ಸುಲಭವಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಗಮಕವಿಲ್ಲದಿದ್ದರೆ ತೋಡಿ ತೋಡಿಯಾಗಿ ಉಳಿಯದು. ಗೋಪಾಲನಾಥರು ವಾದ್ಯದಲ್ಲಿ ಕೆಲವು ಮಾರ್ಪಾಡು ಮಾಡಿಸಿ, ಉಸಿರು ಮತ್ತು ತುಟಿಯ ಹಿಡಿತದಿಂದ ಗಮಕವನ್ನು ಸಾಧಿಸಿದರು.

1980ರಲ್ಲಿ ಮುಂಬಯಿಯ ಜಾಝ್ ಯಾತ್ರಾ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಅವರೊಂದಿಗೆ ಗೋಪಾಲನಾಥರು ವೇದಿಕೆ ಹಂಚಿಕೊಂಡರು. ಮುಂದೆ ಪ್ರಾಗ್, ಬರ್ಲಿನ್ ಜಾಝ್ ಉತ್ಸವಗಳ ಬಾಗಿಲು ತೆರೆಯಿತು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದ ಪ್ರಥಮ ಕರ್ನಾಟಕ ಸಂಗೀತಗಾರ ಎಂಬ ಮನ್ನಣೆಯೂ, 2004ರಲ್ಲಿ ಪದ್ಮಶ್ರೀಯೂ ಅವರಿಗೆ ಸಂದವು. 2019ರ ಅಕ್ಟೋಬರ್ 11ರಂದು ಅವರು ನಿಧನರಾದರು.

ಶ್ರುತಿ ಒಂದೇ, ನೆಲ ಹಲವು

ಎರಡೂ ಪದ್ಧತಿಗಳಲ್ಲಿ ಕಲಾವಿದ ವೇದಿಕೆಯ ಮೇಲೆಯೇ ಹೊಸತನ್ನು ಕಟ್ಟುತ್ತಾನೆ. ನಮ್ಮಲ್ಲಿ ಇದಕ್ಕೆ ಮನೋಧರ್ಮ ಎನ್ನುತ್ತೇವೆ. ಹೀಗಾಗಿ ಜಾಝ್ ಮತ್ತು ಕರ್ನಾಟಕ ಸಂಗೀತ ಅಣ್ಣ ತಮ್ಮಂದಿರು ಎಂದು ಹೇಳುವವರಿದ್ದಾರೆ. ಹೇಳಿಕೆ ಅರ್ಧ ಮಾತ್ರ ಸರಿ. ಕರ್ನಾಟಕ ಸಂಗೀತದಲ್ಲಿ ತಂಬೂರಿಯ ಷಡ್ಜ ಕಛೇರಿಯುದ್ದಕ್ಕೂ ಅಲುಗುವುದಿಲ್ಲ. ಅದರ ಮೇಲೆ ರಾಗ ನಿಲ್ಲುತ್ತದೆ. ಜಾಝ್‌ನಲ್ಲಿ ಪಿಯಾನೊ ಅಥವಾ ಗಿಟಾರ್ ಏಕಕಾಲಕ್ಕೆ ಮೂರು ನಾಲ್ಕು ಸ್ವರಗಳ ಗುಚ್ಛವನ್ನು ನುಡಿಸುತ್ತದೆ. ಅದೇ ಕಾರ್ಡ್. ಈ ಕಾರ್ಡ್ ಕೆಲವೇ ಎಣಿಕೆಗಳಿಗೊಮ್ಮೆ ಬದಲಾಗುತ್ತಾ ಹೋಗುತ್ತದೆ. ನಿಂತ ನೆಲವೇ ಸರಿಯುತ್ತಿರುವಾಗ ವಾದಕ ಅದಕ್ಕೆ ಹೊಂದುವ ಸ್ವರಗಳನ್ನು ಆ ಕ್ಷಣದಲ್ಲೇ ಆರಿಸಬೇಕು. ರಾಗವನ್ನು ಅದರ ಮೇಲೆ ಹಾಗೆಯೇ ಇಟ್ಟರೆ ಒಂದೋ ರಾಗ ಕೆಡುತ್ತದೆ, ಇಲ್ಲವೇ ಕಾರ್ಡ್ ಕೆಡುತ್ತದೆ. ಫ್ಯೂಷನ್ ಎಂಬ ಹೆಸರಿನಲ್ಲಿ ನಡೆಯುವ ಎಷ್ಟೋ ಕಛೇರಿಗಳು ಈ ತೊಡಕನ್ನು ಬಿಡಿಸುವ ಗೋಜಿಗೇ ಹೋಗದೆ, ಮೃದಂಗಕ್ಕೂ ಡ್ರಮ್ಸ್‌ಗೂ ಪೈಪೋಟಿ ಹಚ್ಚಿ ಚಪ್ಪಾಳೆ ಗಿಟ್ಟಿಸಿಕೊಳ್ಳುತ್ತವೆ.

ತೊಡಕನ್ನು ಎದುರಿಸಿದವರೂ ಇದ್ದಾರೆ. ಅವರಲ್ಲಿ ಕನ್ನಡಿಗರ ಕುತೂಹಲಕ್ಕೆ ಹೆಚ್ಚು ಪಾತ್ರರಾಗಬೇಕಾದವರು ರುದ್ರೇಶ್ ಮಹಾಂತಪ್ಪ. ಕರ್ನಾಟಕ ಮೂಲದ ದಂಪತಿಯ ಪುತ್ರರಾದ ಅವರು 1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ, ತಂದೆ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಬೆಳೆದರು. ಕಲಿತದ್ದು ಚಾರ್ಲಿ ಪಾರ್ಕರ್ ಪರಂಪರೆಯ ಜಾಝ್ ಸ್ಯಾಕ್ಸೊಫೋನ್. ಆದರೆ ಹೆಸರು, ಮೈಬಣ್ಣ ನೋಡಿದವರು ಭಾರತೀಯ ಸಂಗೀತ ಅವರಿಗೆ ಹುಟ್ಟಿನಿಂದಲೇ ಬಂದಿರಬೇಕೆಂದು ಭಾವಿಸುತ್ತಿದ್ದರು. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುವ ದಿನಗಳಲ್ಲಿ ಅಣ್ಣ ತಮಾಷೆಗೆಂದು ಕೊಟ್ಟ ಗೋಪಾಲನಾಥರ ಧ್ವನಿಮುದ್ರಿಕೆಯೊಂದು ಅವರ ದಿಕ್ಕನ್ನು ಬದಲಿಸಿತು. ತಮ್ಮದೇ ವಾದ್ಯದಲ್ಲಿ ಅಂಥ ನಾದ ಹೊರಡಬಹುದೆಂದು ಅವರಿಗೆ ತಿಳಿದದ್ದು ಆಗ.

2004ರಲ್ಲಿ ಹೊರಬಂದ ಅವರ ‘ಮದರ್ ಟಂಗ್’ ಧ್ವನಿಮುದ್ರಿಕೆಯ ಕಲ್ಪನೆಯೇ ಸ್ವಾರಸ್ಯಕರ. ‘ನೀವು ಇಂಡಿಯನ್ ಭಾಷೆ ಮಾತನಾಡುತ್ತೀರಾ’ ಎಂಬ ಅಮೆರಿಕನ್ನರ ಪ್ರಶ್ನೆಗೆ ಅಲ್ಲಿನ ಭಾರತೀಯರು ತಂತಮ್ಮ ಭಾಷೆಗಳಲ್ಲಿ ಕೊಟ್ಟ ಉತ್ತರಗಳನ್ನು ಧ್ವನಿಮುದ್ರಿಸಿಕೊಂಡು, ಮಾತಿನ ಏರಿಳಿತವನ್ನು ಸ್ವರಗಳಾಗಿ ಬರೆದು, ಅದರಿಂದ ರಚನೆಗಳನ್ನು ಕಟ್ಟಿದರು. ಅವುಗಳಿಗೆ ಭಾಷೆಗಳದೇ ಹೆಸರು: ತಮಿಳು, ತೆಲುಗು, ಕೊಂಕಣಿ, ಮತ್ತು ‘ಕನ್ನಡ’. ಪದ ಒಂದೂ ಇಲ್ಲದ, ಕನ್ನಡದ ಮಾತಿನ ಲಯ ಮಾತ್ರ ಉಳಿದ ಜಾಝ್ ಅದು.

ಬಳಿಕ ಮಹಾಂತಪ್ಪ ಗೋಪಾಲನಾಥರನ್ನೇ ಜೊತೆಗೂಡಿಸಿಕೊಂಡರು. 2008ರ ‘ಕಿನ್ಸ್‌ಮೆನ್’ ಅದರ ಫಲ. ಕಿನ್ಸ್‌ಮೆನ್ ಎಂದರೆ ಬಂಧುಗಳು. ಎರಡು ಸ್ಯಾಕ್ಸೊಫೋನ್‌ಗಳೊಂದಿಗೆ ಎ. ಕನ್ಯಾಕುಮಾರಿ ಅವರ ಪಿಟೀಲು, ಪೂವಲೂರು ಶ್ರೀಜಿ ಅವರ ಮೃದಂಗ, ರೆಜ್ ಅಬ್ಬಾಸಿ ಅವರ ಗಿಟಾರ್ ಅದರಲ್ಲಿವೆ. ಬಾಸ್ ಮತ್ತು ಡ್ರಮ್ಸ್ ಕೂಡ ಇವೆ. ಕಾರ್ಡ್‌ಗಳ ಓಟವನ್ನು ತಗ್ಗಿಸಿ ರಾಗಕ್ಕೆ ಉಸಿರಾಡಲು ಜಾಗ ಬಿಟ್ಟಿರುವುದು, ವಾದಕರ ಆಲಾಪಗಳನ್ನು ಬಿಡಿ ತುಣುಕುಗಳಾಗಿಯೇ ಇರಿಸಿರುವುದು ಇಲ್ಲಿನ ಉಪಾಯ. ಎರಡೂ ಸ್ಯಾಕ್ಸೊಫೋನ್‌ಗಳನ್ನು ಗುರುತಿಸುವುದು ಕಷ್ಟವೇನಲ್ಲ. ಸ್ವರವನ್ನು ತೂಗಿ, ಜಾರಿಸಿ ನುಡಿಸುವವರು ಗೋಪಾಲನಾಥರು. ಸ್ವರಗಳನ್ನು ಒತ್ತೊತ್ತಾಗಿ, ಚೂಪಾಗಿ ಎಸೆಯುವವರು ಮಹಾಂತಪ್ಪ.

ಬೆಂಗಳೂರಿಗೂ ಇಂಥದೇ ನಂಟಿದೆ. ಟಿ.ಎ.ಎಸ್. ಮಣಿ ಅವರು ನಡೆಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ, ಗಾಯಕಿ ಆರ್.ಎ. ರಮಾಮಣಿ ಅವರೊಡನೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರ ಜೊತೆ ನುಡಿಸಿದ ‘ಜ್ಯೋತಿ’ 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆಯಿಂದ ಬಂತು. ಮರಿಯಾನೊ ಸ್ವತಃ ನಾಗಸ್ವರ ಅಭ್ಯಾಸ ಮಾಡಿದ್ದವರು.

ಕಛೇರಿಯಲ್ಲಿ ಏನು ಕೇಳಬೇಕು?

ಜಾಝ್ ತಂಡ ಮೊದಲು ರಾಗದ ಪಲ್ಲವಿಯಂತೆ ಒಂದು ಧಾಟಿಯನ್ನು ನುಡಿಸುತ್ತದೆ. ಬಳಿಕ ಅದರ ಕಾರ್ಡ್‌ಗಳ ಸರಣಿ ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಸುತ್ತುತ್ತದೆ. ಒಬ್ಬೊಬ್ಬ ವಾದಕನೂ ಸರದಿಯಂತೆ ಅದರ ಮೇಲೆ ಮನೋಧರ್ಮ ತೋರುತ್ತಾನೆ. ಕಡೆಗೆ ಎಲ್ಲರೂ ಮೂಲ ಧಾಟಿಗೆ ಮರಳುತ್ತಾರೆ. ತಾಳ ಹಾಕಿ ಕೂರುವ ಅಭ್ಯಾಸವಿದ್ದವರಿಗೆ ಈ ಸುತ್ತನ್ನು ಹಿಡಿಯುವುದು ಸುಲಭ. ಬ್ಲೂಸ್ ಎಂಬ ಪ್ರಕಾರದ ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ನಾಲ್ಕು ಎಣಿಕೆಯ 12 ಘಟಕಗಳಿರುತ್ತವೆ. ಒಟ್ಟು 48 ಎಣಿಕೆ, ಎಂದರೆ ಆದಿತಾಳದ ಆರು ಆವರ್ತ. ಹಾಡುಗಳನ್ನು ಆಧರಿಸಿದ ರಚನೆಗಳಲ್ಲಿ ಬಹುಪಾಲು 32 ಘಟಕಗಳು. ಅಲ್ಲಿಗೆ ಹದಿನಾರು ಆವರ್ತ. ಕೈತಟ್ಟುವುದಾದರೆ ಒತ್ತು ಬೀಳುವುದು ನಮ್ಮಂತೆ ಮೊದಲ ಎಣಿಕೆಗಲ್ಲ, ಎರಡು ಮತ್ತು ನಾಲ್ಕನೆಯದಕ್ಕೆ. ಕೊನೆಯತ್ತ ವಾದಕನೂ ಡ್ರಮ್ಸ್‌ನವರೂ ನಾಲ್ಕು ನಾಲ್ಕು ಘಟಕಗಳನ್ನು ಹಂಚಿಕೊಂಡು ಉತ್ತರ ಪ್ರತ್ಯುತ್ತರ ನಡೆಸುವುದುಂಟು. ತನಿ ಆವರ್ತನದ ಕೊರಪ್ಪು ಕೇಳಿದವರಿಗೆ ಅದನ್ನು ವಿವರಿಸಬೇಕಿಲ್ಲ.

ರಾಜ್ಯದಲ್ಲಿ ಜಾಝ್ ಕಛೇರಿಗಳು ಹೆಚ್ಚಾಗಿ ನಡೆಯುವುದು ಬೆಂಗಳೂರಿನಲ್ಲೇ. ಹೊಳಲ್ಕೆರೆಯಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ಪಯಣ. ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಕ್ರಾಫ್ಟ್‌ವರ್ಕ್ಸ್‌ನಂಥ ಕಡೆ ದೇಶವಿದೇಶಗಳ ತಂಡಗಳು ನುಡಿಸಿವೆ. ಯುನೆಸ್ಕೊ 2011ರಲ್ಲಿ ಘೋಷಿಸಿದ ಅಂತಾರಾಷ್ಟ್ರೀಯ ಜಾಝ್ ದಿನ ಏಪ್ರಿಲ್ 30ರಂದು ಬರುವುದರಿಂದ ಆ ಆಸುಪಾಸಿನ ಪತ್ರಿಕಾ ಪ್ರಕಟಣೆಗಳನ್ನು ಗಮನಿಸುವುದು ಒಳಿತು. ಒಬ್ಬ ವಾದಕನ ಸರದಿ ಮುಗಿದೊಡನೆ, ರಚನೆ ಇನ್ನೂ ನಡೆಯುತ್ತಿರುವಾಗಲೇ, ಚಪ್ಪಾಳೆ ತಟ್ಟುವುದು ಅಲ್ಲಿನ ರೂಢಿ.